ಇಪ್ಪತ್ತೆರಡು ಕ್ಯಾಮೆರಾಗಳಿಗೆ ಕುಂಕುಮ

ಕತ್ತೆಕಿರುಬವನ್ನು ಪ್ರೀತಿಯಿಂದ ನೋಡುವವರು ಕಡಿಮೆ. ನಾನು ನೋಡುತ್ತಿದ್ದೆ. ಅದರಲ್ಲೂ ಆಫ್ರಿಕಾದ ದಕ್ಷಿಣ ಸೀಮೆಯಲ್ಲಿರುವ ಕಂದು ಕತ್ತೆಕಿರುಬ. ಮೈತುಂಬ ಕೆದರಿದ ಕೂದಲು, ಬಾಗಿದ ಬೆನ್ನು, ಕಾಲುಗಳ ಮೇಲೆ ಮಾತ್ರ ಕಪ್ಪು ಬಿಳಿ ಪಟ್ಟೆ. ಒಂದರ ಕಾಲಿನ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಆ ಪಟ್ಟೆ ಕಾಣುವಂಥ ಫೋಟೋ ಸಿಕ್ಕರೆ ಒಂದೊಂದನ್ನೂ ಗುರುತು ಹಿಡಿಯಬಹುದು, ಒಂದು ಸೀಮೆಯಲ್ಲಿ ಎಷ್ಟಿವೆ ಎಂದು ಎಣಿಸಬಹುದು. ಪಟ್ಟೆ ಕಾಣದಿದ್ದರೆ ಅದು ಬರೀ ಒಂದು ನಾಯಿಯಂಥ ಆಕಾರ, ಯಾತಕ್ಕೂ ಬರುವುದಿಲ್ಲ.

ಲಂಡನ್ನಿನಲ್ಲಿ ವನ್ಯಜೀವಿ ವಿಜ್ಞಾನದ ಮಾಸ್ಟರ್ಸ್ ಓದುತ್ತಿದ್ದಾಗ ನನ್ನ ಪಾಲಿಗೆ ಬಂದ ಕೆಲಸ ಇದು. ಬೋಟ್ಸ್ವಾನಾದ ದನದ ಫಾರ್ಮುಗಳ ನಡುವಿನ ಕುರುಚಲು ಕಾಡಿನಲ್ಲಿ ಪ್ರಾಣಿ ಎದುರಿಗೆ ಹಾದರೆ ತಾನಾಗಿ ಫೋಟೋ ತೆಗೆಯುವ ಇಪ್ಪತ್ತೆರಡು ಕ್ಯಾಮೆರಾ ಮರಗಳಿಗೆ ಕಟ್ಟಿ, ನಲವತ್ತು ದಿನ ಬಿಟ್ಟು, ಫೋಟೋ ತರುವುದು. ನನ್ನ ಗೈಡ್ ಮಾತು ಕಡಿಮೆಯ ಇಂಗ್ಲಿಷ್ ಹೆಂಗಸು. ಹೊರಡುವ ಮೊದಲೇ ಖಡಾಖಂಡಿತವಾಗಿ ಹೇಳಿದ್ದರು: ಪಟ್ಟೆ ಎಣಿಸುವಂಥ ಫೋಟೋ ತಂದರೆ ಮುಂದಿನ ಮೂರು ವರ್ಷದ ಸಂಶೋಧನೆಯ ಸೀಟು ನಿನಗೆ; ತರದಿದ್ದರೆ ಬೇರೆಯವರು ಕಾಯುತ್ತಿದ್ದಾರೆ. ಹೀಥ್ರೂದ ಕಾರ್ಗೋ ಆಫೀಸಿನಲ್ಲಿ ದುಡಿಯುವ ಅಪ್ಪ ಅದಕ್ಕೆ ತನ್ನದೊಂದು ಷರತ್ತು ಸೇರಿಸಿದ.

"ಸೀಟ್ ಸಿಕ್ಕ್ರ ಓದು, ನಾ ಏನೂ ಅನ್ನಂಗಿಲ್ಲ. ಸಿಗಲಿಲ್ಲ ಅಂದ್ರ ನಮ್ಮ ಆಫೀಸಿಗೆ ಅರ್ಜಿ ಹಾಕು. ಆಮ್ಯಾಲೆ ಆಫ್ರಿಕಾ ಗೀಫ್ರಿಕಾ ಅಂತ ತಲಿ ತಿನ್ನಬ್ಯಾಡ."

ನಾನು ಆಯಿತು ಎಂದೆ. ಸಿಗದೇ ಹೋದೀತು ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಆಗ ನನಗೆ ಅಷ್ಟು ಸೊಕ್ಕಿತ್ತು.

ವಿಮಾನ ಇದ್ದದ್ದು ಸೋಮವಾರ. ಶುಕ್ರವಾರವೇ ವಿಭಾಗದ ಸ್ಟೋರಿನಿಂದ ಕ್ಯಾಮೆರಾಗಳ ಪೆಟ್ಟಿಗೆ ಹೊತ್ತು ಹೌನ್ಸ್ಲೋದ ನಮ್ಮ ಫ್ಲ್ಯಾಟಿಗೆ ತಂದೆ. ಲಿಫ್ಟ್ ಕೆಟ್ಟಿತ್ತು, ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಕೈ ಬಿದ್ದುಹೋದವು. ಶನಿವಾರ ಬೆಳಿಗ್ಗೆ ಲೈಬ್ರರಿಗೆ ಹೋಗಿ ಮಧ್ಯಾಹ್ನ ಬಂದು ನೋಡಿದರೆ, ಸೋಫಾ ಗೋಡೆಗೆ ಸರಿದಿದೆ, ಕಾರ್ಪೆಟ್ಟಿನ ಮೇಲೆ ಅವ್ವನ ಹಳೆಯ ಇಳಕಲ್ ಸೀರೆ ಹಾಸಿದೆ, ಅದರ ಮೇಲೆ ಇಪ್ಪತ್ತೆರಡು ಹಸಿರು ಕ್ಯಾಮೆರಾ ಡಬ್ಬಿಗಳು ಎರಡು ಸಾಲಾಗಿ ಪಂಕ್ತಿಗೆ ಕೂತ ಹಾಗೆ ಕೂತಿವೆ. ಪ್ರತಿಯೊಂದರ ಹಣೆಗೂ ಕುಂಕುಮ. ಪೆಟ್ಟಿಗೆಯ ಮುಚ್ಚಳಕ್ಕೆ ಮೂರು ಬೆರಳಿನ ವಿಭೂತಿ. ಛಾವಣಿಯ ಫೈರ್ ಅಲಾರಂ ಕೂಗದಿರಲಿ ಎಂದು ಅದಕ್ಕೆ ಸ್ನಾನದ ಪ್ಲಾಸ್ಟಿಕ್ ಟೋಪಿ ಹಾಕಿ, ಅವ್ವ ಆರಾಮಾಗಿ ಊದಿನಕಡ್ಡಿ ಬೆಳಗುತ್ತಿದ್ದಳು.

ನಮ್ಮ ಮನೆಯಲ್ಲಿ ಪೂಜೆಯಾಗದ ಹೊಸ ಸಾಮಾನು ಬಳಕೆಗೆ ಬರುವುದಿಲ್ಲ. ಮಿಕ್ಸರ್ ಬಂದರೂ ಕುಂಕುಮ, ಲ್ಯಾಪ್‌ಟಾಪ್ ಬಂದರೂ ಕುಂಕುಮ. ಧಾರವಾಡದಲ್ಲಿ ಮಹಾನವಮಿಗೆ ಅಜ್ಜನ ಹೊಲಿಗೆ ಯಂತ್ರಕ್ಕೆ ಮಾಡುತ್ತಿದ್ದ ಖಂಡೆ ಪೂಜೆಯನ್ನು ಅವ್ವ ಇಲ್ಲಿಗೂ ತಂದಳು, ಇಲ್ಲಿ ಅದಕ್ಕೆ ದಿನ ವಾರ ಏನೂ ಬೇಡ. ವಿಮಾನದ ಊಟದ ಟ್ರೇ ತುಂಬುವ ಕಾರ್ಖಾನೆಯಲ್ಲಿ ಆಕೆಯ ಕೆಲಸ. ಅಲ್ಲಿ ಹೊಸ ಪ್ಯಾಕಿಂಗ್ ಮಷೀನು ಬಂದಾಗಲೂ ಸೂಪರ್‌ವೈಸರ್ ಕಣ್ಣು ತಪ್ಪಿಸಿ ಕೆಳಗೊಂದು ಬೊಟ್ಟು ಇಟ್ಟು ಬಂದಿದ್ದಳು.

"ಯವ್ವಾ, ಇವು ನಮ್ಮವಲ್ಲ, ಯೂನಿವರ್ಸಿಟಿಯವು!" ಎಂದು ನಾನು ಕೂಗಿದೆ.

"ಯಾರವರ ಇರಲಿ, ದುಡಿಯೂದು ನಿನಗಲ್ಲೇನು?" ಅವ್ವ ಕಡ್ಡಿ ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಕಣ್ಣಿಗೆ ಹಚ್ಚಿಲ್ಲ ನೋಡ್ವಾ. ಲೆನ್ಸು ಅಂತಾರಲ್ಲ, ಅದನ್ನ ಬಿಟ್ಟು ಮ್ಯಾಲೆ ಹಣಿಗಷ್ಟ ಹಚ್ಚೀನಿ. ನನಗೇನು ಅಷ್ಟೂ ತಿಳೆಂಗಿಲ್ಲಾ?"

ನಿಜ, ಬಹಳ ಜೋಪಾನವಾಗಿ ಹಚ್ಚಿದ್ದಳು. ಲೆನ್ಸಿನ ಮುಂದೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಲಗೆ ಇರುತ್ತದೆ. ಅದರ ಮೇಲಂಚಿಗೆ ಮಾತ್ರ ಅವರೆಕಾಳಿನಷ್ಟು ಬೊಟ್ಟು. ನಾನು ಮುಖ ಊದಿಸಿಕೊಂಡು ಕೂತೆ. ಆಕೆಯ ಎದುರಿಗೆ ಒರೆಸುವಷ್ಟು ಕಟುಕಳಾಗಲಿಲ್ಲ. ಆಮೇಲೆ ಒರೆಸಿದರಾಯಿತು ಎಂದು ಹಾಗೇ ತುಂಬಿಕೊಂಡು ಹೊರಟೆ.

ಕ್ಯಾಂಪು ಎಂದರೆ ಫಾರ್ಮೊಂದರ ಅಂಚಿನಲ್ಲಿ ಎರಡು ಟೆಂಟು, ತಗಡಿನ ಛಾವಣಿಯ ಒಂದು ಅಡುಗೆ ಚಪ್ಪರ. ನನ್ನ ಜೊತೆ ಅದೇ ಕೋರ್ಸಿನ ಇಂಗ್ಲಿಷ್ ಹುಡುಗಿಯೊಬ್ಬಳಿದ್ದಳು, ಆಕೆಯದು ಹಕ್ಕಿಗಳ ಕೆಲಸ. ದಾರಿ ತೋರಿಸಲು, ಹೆಜ್ಜೆ ಗುರುತು ಹಿಡಿಯಲು ಆ ಊರಿನ ಒಬ್ಬ ಹಿರಿಯ. ಬಿಳಿ ಗಡ್ಡ, ಸವೆದ ಹ್ಯಾಟು, ನಿಧಾನದ ಇಂಗ್ಲಿಷ್. ಅವರನ್ನು ನಾನು ಮನಸ್ಸಿನಲ್ಲೇ ಕಾಕಾ ಎಂದು ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ.

ಮುಟ್ಟಿದ ದಿನವೇ ಸಂಜೆ ಬೆಳಕಿರುವಾಗ ಪೆಟ್ಟಿಗೆ ತೆರೆದೆ. ಹಕ್ಕಿಯ ಹುಡುಗಿ ಬಗ್ಗಿ ನೋಡಿದವಳು ಗಾಬರಿಯಾದಳು. "ಇದೇನು, ರಕ್ತವೇ?" ಎಂದಳು. ಅವಳ ಧ್ವನಿಯಲ್ಲಿ ಕುಹಕ ಒಂಚೂರೂ ಇರಲಿಲ್ಲ, ನಿಜವಾಗಿ ಹೆದರಿದ್ದಳು. ಹೇಳಬಹುದಾಗಿತ್ತು. ನನ್ನ ಅವ್ವ ಪೂಜೆ ಮಾಡಿದ್ದು, ಒಳ್ಳೆಯದಾಗಲಿ ಅಂತ ಹಚ್ಚಿದ್ದು ಎಂದು ಒಂದೇ ಮಾತು. ಆದರೆ ನನಗೆ ನೆಲ ಬಗೆದು ಒಳಗೆ ಹೋಗಬೇಕು ಅನಿಸಿತು. ವಿಜ್ಞಾನ ಓದಲು ಬಂದವಳ ಸಾಮಾನಿಗೆಲ್ಲ ಕುಂಕುಮ! "ಪೆಟ್ಟಿಗೆಯ ಬಣ್ಣ ಬಿಟ್ಟಿದೆ" ಎಂದು ಸುಳ್ಳು ಹೇಳಿ, ಪೆಟ್ಟಿಗೆ ಟೆಂಟಿನೊಳಗೆ ಎಳೆದುಕೊಂಡು ಜಿಪ್ ಹಾಕಿದೆ.

ನೀರಿನ ಬಾಟಲಿ ಹೊರಗಿತ್ತು. ತರಲು ಹೋದರೆ ಅವಳು ಮತ್ತೇನಾದರೂ ಕೇಳುತ್ತಾಳೆ. ಕೈಗೆ ಸಿಕ್ಕಿದ್ದು ಸೊಳ್ಳೆ ಕಚ್ಚದಂತೆ ಕತ್ತಿಗೆ, ಕೈಗೆ ಹೊಡೆದುಕೊಳ್ಳುವ ಸ್ಪ್ರೇ. ಅದನ್ನೇ ಬಟ್ಟೆಗೆ ಹೊಡೆದು ಒರೆಸಿದೆ. ಆಹಾ, ಎಷ್ಟು ಸಲೀಸಾಗಿ ಬಂತು! ಒಂದು ಚೂರು ಕೆಂಪು ಉಳಿಯಲಿಲ್ಲ. ಕುಂಕುಮದ ಪುಡಿ ಲೆನ್ಸಿನ ಮುಂದಕ್ಕೂ ಹರಡೀತೆಂದು ಹಲಗೆ ಪೂರ್ತಿ ಗಸಗಸ ತಿಕ್ಕಿದೆ. ಇಪ್ಪತ್ತೊಂದು ಆದವು. ಕೊನೆಯದಕ್ಕೆ ಕೈ ಹಾಕುವಷ್ಟರಲ್ಲಿ ಹುಡುಗಿ ಹೊರಗಿನಿಂದ ಕರೆದಳು, ಅದನ್ನು ಹಾಗೇ ಅದರ ಚೀಲಕ್ಕೆ ತುರುಕಿದೆ.

ಆ ಸ್ಪ್ರೇ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಅದರ ಡಬ್ಬಿಯ ಮೇಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನಾನು ಓದಿರಲಿಲ್ಲ.

ಮರುದಿನದಿಂದ ಕಾಕಾ ಮತ್ತು ನಾನು ಕ್ಯಾಮೆರಾ ಕಟ್ಟುತ್ತ ಹೋದೆವು. ಮನುಷ್ಯರ ವಾಸನೆ ಹತ್ತಬಾರದೆಂದು ಕಾಕಾ ಆನೆಯ ಒಣ ಲದ್ದಿಯನ್ನು ಅಂಗೈಯಲ್ಲಿ ಪುಡಿ ಮಾಡಿ ಡಬ್ಬಿಯ ಬೆನ್ನಿಗೆ, ಪಟ್ಟಿಗೆ ತಿಕ್ಕುತ್ತಿದ್ದರು. ಹಲಗೆಗಳು ಒಂದಿಷ್ಟು ಮಸುಕಾಗಿ ಕಂಡರೂ ಅದು ಲದ್ದಿಯ ಧೂಳೆಂದುಕೊಂಡೆ. ಕೊನೆಯ ಡಬ್ಬಿಯನ್ನು ಚೀಲದಿಂದ ತೆಗೆದಾಗ ಅದರ ಹಣೆಯ ಬೊಟ್ಟು ಕಂಡು ನಕ್ಕರು. ಯಾರು ಹಚ್ಚಿದ್ದು ಎಂದು ಕೇಳಿದರು. ಅಲ್ಲಿ ನಾವಿಬ್ಬರೇ ಇದ್ದೆವು, ಅದಕ್ಕೋ ಏನೋ ನಾಚಿಕೆಯಾಗಲಿಲ್ಲ, ತಾಯಿ ಎಂದೆ. ಕಾಕಾ ಆ ಬೊಟ್ಟಿಗೆ ಕೈ ತಾಗದ ಹಾಗೆ ಸುತ್ತ ಲದ್ದಿ ಹಚ್ಚಿ, ಡಬ್ಬಿಯನ್ನು ಮರಕ್ಕೆ ಬಿಗಿದರು.

ಎರಡು ದಿನ ಬಿಟ್ಟು ಒಂದು ಕ್ಯಾಮೆರಾದ ಕಾರ್ಡು ತೆಗೆದು ಪರೀಕ್ಷೆ ಮಾಡಬೇಕೆಂದು ಗೈಡ್ ಹೇಳಿದ್ದರು. ಮಾಡಿದೆ. ಕಾರ್ಡನ್ನು ನನ್ನ ಸಣ್ಣ ಕೈಕ್ಯಾಮೆರಾಕ್ಕೆ ಹಾಕಿ, ಅದರ ಬೆಂಕಿಪೊಟ್ಟಣದಷ್ಟು ಪರದೆಯ ಮೇಲೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದರೆ, ಬಾಗಿದ ಬೆನ್ನಿನ ಆಕಾರ! ಕತ್ತೆಕಿರುಬ! ಅಲ್ಲೇ ಕುಣಿದುಬಿಟ್ಟೆ. ಹಿಗ್ಗಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ ನೋಡುವ ಬುದ್ಧಿ ಬರಲಿಲ್ಲ. ಸಿಗ್ನಲ್ ಸಿಗುವ ದಿಬ್ಬ ಹತ್ತಿ ಅವ್ವನಿಗೆ ಫೋನ್ ಮಾಡಿ ಹೇಳಿದೆ. "ನಾ ಹೇಳಿದ್ದಿಲ್ಲಾ? ಬರ್ತಾವು, ಎಲ್ಲಾ ಬರ್ತಾವು" ಎಂದು ಆಕೆ ನನಗಿಂತ ಹೆಚ್ಚು ಹಿಗ್ಗಿದಳು.

ನಲವತ್ತು ದಿನ ಆ ಕಾಡಿನಲ್ಲಿ ನಾನು ಸುಖವಾಗಿದ್ದೆ. ಇದನ್ನು ಒಪ್ಪಿಕೊಳ್ಳಬೇಕು, ಯಾಕೆಂದರೆ ಆಮೇಲೆ ಅಂಥ ದಿನ ಬಂದಿಲ್ಲ. ಕಾಕಾ ಹೆಜ್ಜೆ ತೋರಿಸುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಪ್ರಾಣಿಗಳಿಗೆ ತೊಂದರೆಯಾಗದಿರಲೆಂದು ಕ್ಯಾಮೆರಾಗಳ ಹತ್ತಿರ ಸುಳಿಯುವಂತಿರಲಿಲ್ಲ. ದೂರದಿಂದ ಆ ಮರಗಳನ್ನು ನೋಡುತ್ತ, ಒಳಗೆ ಪಟ್ಟೆ ಕಾಲುಗಳು ತುಂಬುತ್ತಿವೆ ಎಂದುಕೊಂಡು ನಾನೊಬ್ಬಳೇ ನಗುತ್ತಿದ್ದೆ.

ನಲವತ್ತೊಂದನೇ ದಿನ ಮಧ್ಯಾಹ್ನ ಎಲ್ಲ ಕಾರ್ಡುಗಳನ್ನೂ ಚಪ್ಪರಕ್ಕೆ ತಂದು ಲ್ಯಾಪ್‌ಟಾಪಿಗೆ ಹಾಕಿದೆ. ಮೊದಲನೆಯದು ಮಂಜು. ಕಾಡು ಹಾಲಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಇದೊಂದು ಕೆಟ್ಟಿರಬೇಕು ಎಂದು ಎರಡನೆಯದು ಹಾಕಿದೆ. ಅದೂ ಮಂಜು. ಐದನೆಯದರವರೆಗೂ ಅದೇ ಮಂಜು. ಕತ್ತೆಕಿರುಬಗಳು ಬಂದಿದ್ದವು. ಬಂದಿದ್ದವು ಎಂಬುದೇ ಹೊಟ್ಟೆ ಉರಿಯುವ ಮಾತು, ಎಷ್ಟೋ ಸಲ ಬಂದು, ಕ್ಯಾಮೆರಾ ಎದುರಿಗೇ ನಿಂತು, ಪಕ್ಕಕ್ಕೆ ತಿರುಗಿ ಕಾಲು ತೋರಿಸಿ ಹೋಗಿದ್ದವು. ಕಾಲಿನ ಜಾಗದಲ್ಲಿ ಬರೀ ಬೂದು ಮಸುಕು. ಒಂದೇ ಒಂದು ಪಟ್ಟೆ ಇಲ್ಲ.

ಕೊನೆಯ ಕಾರ್ಡು, ಒರೆಸದೆ ಬಿಟ್ಟ ಕ್ಯಾಮೆರಾದ್ದು, ಕನ್ನಡಿಯಷ್ಟು ಸ್ವಚ್ಛ. ಎರಡು ಕತ್ತೆಕಿರುಬಗಳು ಅದರಲ್ಲಿ ಸಿಕ್ಕಿದ್ದವು, ಒಂದು ರಾತ್ರಿ, ಕಪ್ಪು ಬಿಳುಪಿನಲ್ಲಿ, ಇನ್ನೊಂದು ಬೆಳಗಿನ ಬೆಳಕಿನಲ್ಲಿ, ಬಣ್ಣದಲ್ಲಿ. ಪಟ್ಟೆಗಳನ್ನು ಬೆರಳಿಟ್ಟು ಎಣಿಸಬಹುದಿತ್ತು. ಫೋಟೋದ ಮೇಲಿನ ಅಂಚಿನಲ್ಲಿ ಮಾತ್ರ ಅವ್ವನ ಬೊಟ್ಟಿನ ಕೆಂಪು ನೆರಳು, ಆಕಾಶದಲ್ಲಿ, ಯಾರಿಗೂ ಅಡ್ಡಿಯಾಗದ ಹಾಗೆ.

ಆಗ ತಿಳಿಯಿತು. ಹೊರಗೆ ಓಡಿ ಹೋಗಿ, ಬಿಚ್ಚಿ ತಂದಿದ್ದ ಡಬ್ಬಿಗಳ ಹಲಗೆಯ ಮೇಲೆ ಬೆರಳಾಡಿಸಿದೆ. ಒರಟು ಒರಟು, ಬಟ್ಟೆಯ ಎಳೆಗಳ ಅಚ್ಚು ಕೂಡ ಮೂಡಿತ್ತು. ಕಾಕಾ ಹತ್ತಿರ ಬಂದು ಕೂತರು. ನಾನು ಮಾಡಿದ್ದನ್ನೆಲ್ಲ ಹೇಳಿದೆ. ಅವರು ಒಂದು ಡಬ್ಬಿ ಎತ್ತಿ ಹಲಗೆ ಸವರಿ ನೋಡಿ, ಹಾಗೇ ಬಿಡಬಹುದಿತ್ತಲ್ಲ, ನಾವು ಲದ್ದಿ ಹಚ್ಚಲಿಲ್ಲವೇ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಅತ್ತುಬಿಟ್ಟೆ.

ಇನ್ನೊಮ್ಮೆ ಕಟ್ಟಲು ಸಮಯವಿರಲಿಲ್ಲ, ಫಾರ್ಮಿನ ಪರವಾನಗಿ ಆ ವಾರ ಮುಗಿಯುತ್ತಿತ್ತು. ಲಂಡನ್ನಿಗೆ ಬಂದು ಗೈಡ್ ಎದುರು ಕೂತು ನಿಜ ಹೇಳಿದೆ, ಸ್ಪ್ರೇಯಿಂದ ಒರೆಸಿದೆ ಎಂದು. ಯಾಕೆ ಒರೆಸಿದೆ ಎಂದು ಕೇಳಿದರು. ಧೂಳು ಎಂದೆ. ಅವರು ಸಿಟ್ಟಾಗಲಿಲ್ಲ. ಒಂದು ವಾರಕ್ಕೆ ಇಮೇಲ್ ಬಂತು, ಸೀಟನ್ನು ಬೇರೆಯವರಿಗೆ ಕೊಟ್ಟಿದ್ದೇವೆ, ನಿನಗೆ ಶುಭವಾಗಲಿ ಎಂದು.

ಇಮೇಲ್ ಓದುವಾಗ ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಅವ್ವ ಶಿಫ್ಟಿನಿಂದ ಆಗಷ್ಟೇ ಬಂದು, ಜಾಕೆಟ್ ಕೂಡ ತೆಗೆಯದೆ ಚಹಾಕ್ಕೆ ಇಟ್ಟಿದ್ದಳು. ನನ್ನ ಮುಖ ನೋಡಿ ಒಲೆ ಸಣ್ಣ ಮಾಡಿದಳು.

"ಸೀಟ್ ಹೋತು" ಎಂದೆ. "ಫೋಟೋ ಎಲ್ಲಾ ಮಸಕ್ ಮಸಕ್ ಬಂದಾವ. ಕ್ಯಾಮೆರಾದ ಮುಂದಿನ ಪ್ಲಾಸ್ಟಿಕ್ ಕೆಟ್ಟಿತ್ತು."

ಅವ್ವ ಸಣ್ಣ ಧ್ವನಿಯಲ್ಲಿ ಕೇಳಿದಳು, "ನಾ ಕುಂಕುಮ ಹಚ್ಚಿದ್ನಲ್ಲಾ, ಅದರಿಂದ ಏನರ ಆತೇನು?"

ಅಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ಎರಡು ವಾರದಿಂದ ನನ್ನೊಳಗೆ ಸಿಟ್ಟು ಕುದಿಯುತ್ತಿತ್ತು. ಈಕೆ ಹಚ್ಚದೇ ಇದ್ದಿದ್ದರೆ ನಾನು ಒರೆಸುತ್ತಲೇ ಇರಲಿಲ್ಲ, ಎಲ್ಲದಕ್ಕೂ ಈಕೆಯ ಈ ಹುಚ್ಚೇ ಕಾರಣ ಎಂದು ವಿಮಾನದಲ್ಲಿ, ಬಸ್ಸಿನಲ್ಲಿ, ಹಾಸಿಗೆಯಲ್ಲಿ ಬಿದ್ದುಕೊಂಡು ಒಳಗೊಳಗೇ ಬೈದಿದ್ದೆ. ಆ ಸಿಟ್ಟು ಬಾಯಿಗೆ ಬಂತು.

"ಹೂಂ" ಎಂದೆ. "ಅದರಿಂದನ."

ನಿನಗೆ ಹೇಗೆ ಗೊತ್ತು, ಲೆನ್ಸಿಗೆ ಹಚ್ಚಿರಲಿಲ್ಲವಲ್ಲ ಎಂದು ಅವ್ವ ಕೇಳಲಿಲ್ಲ. ಒಂದೇ ಮಾತಿಗೆ ನಂಬಿದಳು. ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು, ಅದನ್ನು ಒರೆಸುತ್ತ ನಿಂತಳು.

ನಾನು ಅಪ್ಪನ ಆಫೀಸಿಗೆ ಅರ್ಜಿ ಹಾಕಿದೆ, ಕೆಲಸ ಸಿಕ್ಕಿತು. ಈಗಲೂ ಅಲ್ಲೇ ಇದ್ದೇನೆ. ಬಂದ ಪೆಟ್ಟಿಗೆಗಳ ಲೇಬಲ್ ಸ್ಕ್ಯಾನ್ ಮಾಡಿ, ಬೇಲಿಯ ಆಚೆ ವಿಮಾನ ಇಳಿಯುವುದನ್ನು ನೋಡಿ, ಮನೆಗೆ ಬರುತ್ತೇನೆ. ಅದಕ್ಕಿಂತ ಹೆಚ್ಚು ಹೇಳುವಂಥದ್ದು ಅದರಲ್ಲಿ ಏನೂ ಇಲ್ಲ.

ಅವ್ವ ಬದಲಾದದ್ದು ನನಗೆ ಬೇಗ ಗೊತ್ತಾಗಲಿಲ್ಲ. ಗೊತ್ತಾದದ್ದು ಆರು ತಿಂಗಳ ಮೇಲೆ, ರೇನರ್ಸ್ ಲೇನಿನಲ್ಲಿ. ಅಲ್ಲಿ ಮೈಸೂರಿನ ಡಾಕ್ಟರ್ ದಂಪತಿಗಳ ಮನೆ; ತಿಂಗಳಿಗೊಮ್ಮೆ ಭಾನುವಾರ ನಮ್ಮ ಕಡೆಯವರು, ಅವರ ಕಡೆಯವರು ಎಲ್ಲ ಸೇರುತ್ತೇವೆ. ಆ ದಿನ ಅವರ ಹೊಸ ಕಾರು ಬಾಗಿಲಲ್ಲಿ ನಿಂತಿತ್ತು. ಡಾಕ್ಟರಮ್ಮ ತಟ್ಟೆಯಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡು ಅವ್ವನನ್ನು ಹುಡುಕಿಕೊಂಡು ಬಂದರು. ಇಂಥದ್ದಕ್ಕೆಲ್ಲ ಎಲ್ಲರೂ ಅವ್ವನನ್ನೇ ಕರೆಯುತ್ತಿದ್ದರು.

"ಬನ್ನಿ, ಬನ್ನಿ, ನೀವೇ ಮೊದಲು ಹಚ್ಚಬೇಕು. ನಿಮ್ಮ ಕೈಗುಣ ಚೆನ್ನಾಗಿದೆ."

ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಕೈಗಳನ್ನು ಸೆರಗಿನೊಳಗೆ ಹಾಕಿಕೊಂಡಳು.

"ಬ್ಯಾಡ್ರೀ. ನನ್ನ ಕೈಲೆ ಬ್ಯಾಡ. ನನ್ನ ಕೈಯಿಂದ ನಮ್ಮ ಹುಡುಗೀದ ಹಾಳಾಗೇತಿ. ಹೊಸಾ ಕಾರು, ಬ್ಯಾರೆ ಯಾರರ ಹಚ್ಚಲಿ."

"ಅಯ್ಯೋ, ಏನ್ರೀ ಇದು!" ಎಂದು ಡಾಕ್ಟರಮ್ಮ ನಗಲು ನೋಡಿದರು. ಯಾರೂ ನಗಲಿಲ್ಲ. ಕೊನೆಗೆ ಅವರೇ ಹಚ್ಚಿದರು. ನಾನು ಬಾಗಿಲ ಹತ್ತಿರ ಪೇಪರ್ ಪ್ಲೇಟಿನಲ್ಲಿ ಚಿತ್ರಾನ್ನ ಹಿಡಿದು ನಿಂತಿದ್ದೆ. ಆಮೇಲೆ ನೆನಪು ಮಾಡಿಕೊಂಡೆ: ಹೊಸ ಕುಕ್ಕರ್ ಬಂದಾಗ, ನನಗೆ ಆಫೀಸಿನ ಲ್ಯಾಪ್‌ಟಾಪ್ ಕೊಟ್ಟಾಗ, ಆಕೆ ಹತ್ತಿರ ಕೂಡ ಬಂದಿರಲಿಲ್ಲ. ನಾನು ಅದನ್ನು ನೆಮ್ಮದಿ ಎಂದುಕೊಂಡಿದ್ದೆ.

ಮನೆಗೆ ಬರುವಾಗ ಆ್ಯಕ್ಟನ್ ಟೌನಿನಲ್ಲಿ ಟ್ಯೂಬ್ ರೈಲು ಬದಲಿಸಬೇಕು. ಪ್ಲ್ಯಾಟ್‌ಫಾರ್ಮಿನ ಬೆಂಚಿನ ಮೇಲೆ ಅವ್ವ, ನಾನು ಇಬ್ಬರೇ ಕೂತಿದ್ದೆವು, ಇನ್ನೂ ಬಿಸಿಲಿತ್ತು. ನಾನು ಹೇಳಿಬಿಟ್ಟೆ.

"ಯವ್ವಾ, ನಾ ಸುಳ್ಳ ಹೇಳಿದ್ದೆ. ನಿನ್ನ ಕುಂಕುಮದಿಂದ ಏನೂ ಆಗಿಲ್ಲ. ನನಗ ನಾಚಿಕಿ ಆತು, ಸೊಳ್ಳಿ ಸ್ಪ್ರೇ ಹಾಕಿ ಒರಸಿದೆ. ಆ ಸ್ಪ್ರೇದಿಂದ ಪ್ಲಾಸ್ಟಿಕ್ ಕೆಟ್ಟಿತು. ತಪ್ಪು ನಂದು."

ಅವ್ವ ನನ್ನ ಮುಖವನ್ನೇ ನೋಡಿದಳು. ನಾನು ಫೋನ್ ತೆಗೆದು ಆ ಬಣ್ಣದ ಫೋಟೋ ತೋರಿಸಿದೆ. "ನೋಡು, ಇದೊಂದನ್ನ ಒರಸಿದ್ದಿಲ್ಲ. ಎಷ್ಟ ಛಂದ ಬಂದೈತಿ ನೋಡು, ಪಟ್ಟಿ ಪಟ್ಟಿ ಕಾಣ್ತಾವ."

ಅವ್ವ ಕನ್ನಡಕ ಹಾಕಿಕೊಂಡು, ಫೋನನ್ನು ದೂರ ಹಿಡಿದು ನೋಡಿದಳು. ಪ್ರಾಣಿಯನ್ನು ನೋಡಲಿಲ್ಲ. ಬೆರಳನ್ನು ಮೇಲಿನ ಅಂಚಿಗೆ ಇಟ್ಟಳು.

"ಇದು ನಾ ಹಚ್ಚಿದ್ದಲ್ಲಾ? ಫೋಟೋದಾಗನ ಬಂದೈತಲ್ಲವ್ವಾ."

"ಅದು ಬಂದ್ರ ಏನೂ ಆಗಂಗಿಲ್ಲ ಯವ್ವಾ! ನನ್ನ ಮಾತ ಕೇಳಿಲ್ಲೆ..." ನನ್ನ ಧ್ವನಿ ಏರಿತು, ಪಕ್ಕದವರು ತಿರುಗಿ ನೋಡಿದರು. ಆಣೆ ಮಾಡಿದೆ. ಬೇಕಾದರೆ ಗೈಡ್‌ಗೆ ಫೋನ್ ಹಚ್ಚಿ ಕೊಡುತ್ತೇನೆ, ಅವರೇ ಹೇಳುತ್ತಾರೆ ಎಂದೆ. ಆಕೆ ನನ್ನ ಕೈಯಿಂದ ಫೋನ್ ತೆಗೆದುಕೊಂಡು ನನ್ನ ಬ್ಯಾಗಿಗೇ ಹಾಕಿ, ಜಿಪ್ ಎಳೆದಳು.

"ಇರ್ಲಿ ಬಿಡು ತಂಗಿ. ಇವತ್ತ ನಾ ಕಾರಿಗೆ ಹಚ್ಚಲಿಲ್ಲ ಅಂತ ನಿನಗ ಕೆಟ್ಟ ಅನಿಸೇತಿ, ಅದಕ್ಕ ಹೇಳಾಕತ್ತಿ. ನನಗ ತಿಳೀತೈತಿ. ಅಷ್ಟ ದೊಡ್ಡದು ಕಳಕೊಂಡೂ ಇಷ್ಟ ದಿನ ನನಗ ಒಂದು ಮಾತ ಬೈಲಿಲ್ಲ ನೀ. ಬ್ಯಾರೆಯವರ ಮಕ್ಕಳಾಗಿದ್ರ ಬಿಡ್ತಿದ್ರೇನು?"

ನಾನು ಮತ್ತೆ ಬಾಯಿ ತೆರೆದೆ. ಆಕೆ ನನ್ನ ಕೆನ್ನೆ ಮುಟ್ಟಿದಳು.

"ಭಾಳ ಒಳ್ಳೇಕಿ ಅದಿ ನೀ" ಎಂದಳು.

ಹೌನ್ಸ್ಲೋ ಕಡೆಯ ಟ್ಯೂಬ್ ಬಂತು. ಅವ್ವ ಮೊದಲು ಹತ್ತಿ, ನನಗೆ ಪಕ್ಕದಲ್ಲಿ ಜಾಗ ಹಿಡಿದು, ಬಾ ಎಂದು ಕೈ ಮಾಡಿದಳು.